ಸಿನಿಮಾದಲ್ಲಿ ಇಲ್ಲದ ದೋಣಿ

ಸಿನಿಮಾ ಮಾಡುವುದನ್ನು ಎಲ್ಲಿ ಕಲಿತಿರಿ ಎಂದು ಯಾರಾದರೂ ಕೇಳಿದರೆ ನನಗೆ ಸಂಕಟವಾಗುತ್ತದೆ. ಅದನ್ನು ಕಲಿಸಲೆಂದೇ ದೊಡ್ಡ ಊರುಗಳಲ್ಲಿ ಶಾಲೆಗಳಿವೆ, ಅಲ್ಲಿ ಬೆಳಕಿಗೊಬ್ಬರು, ಕತ್ತರಿಗೊಬ್ಬರು ಮೇಷ್ಟರಿರುತ್ತಾರೆ ಎಂದು ನನಗೆ ತಿಳಿಯುವ ಹೊತ್ತಿಗೆ ನಾನು ಎರಡು ಚಿತ್ರಗಳನ್ನು ಮಾಡಿ ಮುಗಿಸಿದ್ದೆ. ಅವು ಓಡದೇ ಇದ್ದುದಕ್ಕೆ ಈ ಅಜ್ಞಾನವೇ ಕಾರಣವೆಂದು ಬಲ್ಲವರು ಹೇಳಿದರು. ಮೂರನೆಯದನ್ನು ಪೂರ್ತಿ ಜ್ಞಾನದಿಂದ ಮಾಡಿದೆ, ಅದೂ ಓಡಲಿಲ್ಲ. ನನ್ನ ಗುರುಕುಲವಿದ್ದದ್ದು ತೀರ್ಥಹಳ್ಳಿಯ ಬಸ್‌ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ. ಅಲ್ಲಿ ಒಬ್ಬರೇ ಗುರು, ಒಬ್ಬನೇ ಶಿಷ್ಯ. ಗುರುವಿನ ವಿದ್ಯೆಯನ್ನು ಆ ಶಿಷ್ಯ ತನ್ನ ಹತ್ತನೆಯ ವಯಸ್ಸಿನಲ್ಲಿ, ಒಂದು ಮಧ್ಯಾಹ್ನ, ಮೂರು ವಾಕ್ಯಗಳಲ್ಲಿ ನಾಶಮಾಡಿದ. ಅದನ್ನು ಬರೆಯದೆ ಉಳಿದದ್ದನ್ನೆಲ್ಲ ಬರೆದು ಪ್ರಯೋಜನವಿಲ್ಲ.

ನಮ್ಮದು ಊಟದ ಮನೆ. ಮನೆಯಲ್ಲಿ ಊಟ ಹಾಕುತ್ತಿದ್ದೆವು ಎನ್ನುವುದಕ್ಕಿಂತ, ಊಟ ಹಾಕುವ ಜಾಗದ ಮೂಲೆಗಳಲ್ಲಿ ನಾವು ವಾಸವಾಗಿದ್ದೆವು ಎಂದರೆ ಸರಿಯಾದೀತು. ಹೊರಗಿನ ಹಜಾರದಲ್ಲಿ ಎರಡು ಸಾಲು ಮಣೆಗಳು. ಒಳಗೆ ಅಡುಗೆಮನೆ. ಅದರ ಪಕ್ಕದ ಉಗ್ರಾಣದಲ್ಲಿ ಅಕ್ಕಿ ಮೂಟೆ, ಉಪ್ಪಿನಕಾಯಿ ಭರಣಿ, ಒಣಮೆಣಸಿನ ಚೀಲ ಮತ್ತು ನಾನು. ಇಂದಿಗೂ ನಿದ್ದೆ ಬಾರದಿದ್ದರೆ ನನಗೆ ಬೇಕೆನಿಸುವುದು ಒಣಮೆಣಸಿನ ಘಾಟು. ಬಸ್ಸಿನವರೇ ನಮ್ಮ ಮುಖ್ಯ ಗಿರಾಕಿಗಳು. ಸಾಗರದ ಬಸ್ಸಿನ ಡ್ರೈವರು ಕಿಟಕಿಯ ಪಕ್ಕದ ಮಣೆ ಬಿಟ್ಟು ಬೇರೆಡೆ ಕೂರುತ್ತಿರಲಿಲ್ಲ. ಊಟ ಮಾಡುತ್ತ ಬಸ್ಸಿನ ಮೇಲೆ ಒಂದು ಕಣ್ಣಿಟ್ಟಿರಬೇಕಂತೆ, ಯಾರಾದರೂ ಹೊಡೆದುಕೊಂಡು ಹೋದರೆ? ಆ ಬಸ್ಸು ಹೊರಡಬೇಕಾದರೆ ಸ್ವತಃ ಅವನಿಗೇ ನಾಲ್ಕು ಜನ ತಳ್ಳುವವರು ಬೇಕಾಗುತ್ತಿದ್ದರು. ರಿಪ್ಪನ್‌ಪೇಟೆಯ ಕಡೆಯ ಕಂಡಕ್ಟರು ಸಾರಿಗೆ ಮೊದಲೇ ಮಜ್ಜಿಗೆ ಕೇಳುವವನು. ಇಂಥ ಎಲ್ಲ ವಿಚಿತ್ರಗಳನ್ನೂ ಅಮ್ಮ ನೆನಪಿಟ್ಟುಕೊಂಡಿದ್ದಳು. ಬಾಗಿಲಿನ ಬಳಿ ಮೇಜು ಹಾಕಿಕೊಂಡು ಕೂತಿರುತ್ತಿದ್ದ ಅಪ್ಪಯ್ಯ ನೆನಪಿಟ್ಟುಕೊಳ್ಳುತ್ತಿದ್ದದ್ದು ಯಾರು ಯಾವ ಜಾತಿ ಎಂಬುದನ್ನು ಮಾತ್ರ. ಕೆಲಸ ಹಂಚಿಕೊಂಡು ಬಾಳುವ ದಾಂಪತ್ಯ.

ಮಳೆಗಾಲ ಮುಗಿದು ಗದ್ದೆಗಳು ಒಣಗಿದ ಮೇಲೆ ನಮ್ಮ ಸೀಮೆಗೆ ಟೆಂಟ್ ಸಿನಿಮಾ ಬರುತ್ತಿತ್ತು. ಸಾಗರದಲ್ಲಿ ಕೆಲವು ತಿಂಗಳು, ಹೊಸನಗರದಲ್ಲಿ ಕೆಲವು ತಿಂಗಳು, ಆಮೇಲೆ ನಮ್ಮಲ್ಲಿ. ಟೆಂಟಿನವರಿಗೆ ತಿಂಗಳ ಊಟ ನಮ್ಮ ಮನೆಯದೇ. ಸಿನಿಮಾದಿಂದ ದೇಶ ಹಾಳಾಗುತ್ತದೆಂದು ಅಪ್ಪಯ್ಯ ದೃಢವಾಗಿ ನಂಬಿದ್ದರು, ಆದರೆ ಹಾಳುಮಾಡುವವರೂ ಉಣ್ಣಬೇಕಲ್ಲ ಎಂಬ ವಿಶಾಲ ಮನೋಭಾವವೂ ಅವರಿಗಿತ್ತು. ಟೆಂಟಿನ ಮ್ಯಾನೇಜರಿಗೆ ಹಜಾರದಲ್ಲೇ ಮಣೆ. ಆಪರೇಟರ್ ಅಂತೋಣಿ ಘಟ್ಟದ ಕೆಳಗಿನ ಕ್ರಿಶ್ಚಿಯನ್. ಅವನಿಗೆ ಅಡುಗೆಮನೆಯ ಹಿಂದಿನ ಜಗಲಿ. ಅಲ್ಲಿ ಒಬ್ಬನೇ ಕೂತು ಉಂಡು, ತನ್ನ ಎಲೆಯನ್ನು ತಾನೇ ತೆಗೆದು, ಕೂತ ಜಾಗಕ್ಕೆ ನೀರು ಹಾಕಿ ಹೋಗಬೇಕು. ಅಪ್ಪಯ್ಯನ ಕಾನೂನು. ಅಂತೋಣಿ ಅದಕ್ಕೆ ಒಂದು ದಿನವೂ ಮುಖ ಸಣ್ಣದು ಮಾಡಲಿಲ್ಲ. ನಾವು ಅದನ್ನು ಅವನ ಒಳ್ಳೆಯತನವೆಂದು ಹೊಗಳುತ್ತಿದ್ದೆವು; ನಮ್ಮ ಬಗ್ಗೆ ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ಅವನಿಗೆ ಬಡಿಸುತ್ತಿದ್ದದ್ದು ಅಮ್ಮ. ಅಡುಗೆಮನೆಯ ಹಿಂಬಾಗಿಲ ಹೊಸ್ತಿಲಲ್ಲಿ ಕೂತು ಸಾರಿನ ಸೌಟು ಹಿಡಿದು ಅವನ ಜೊತೆ ಏನೋ ಮಾತಾಡುತ್ತಿದ್ದಳು. ಮುಂದಿನ ಹಜಾರದಲ್ಲಿ ನೀರಿನ ಚೊಂಬು ಹಿಡಿದು ಓಡಾಡುತ್ತಿದ್ದ ನನಗೆ ಆ ಮಾತು ಕೇಳುತ್ತಿರಲಿಲ್ಲ.

ಅಮ್ಮ ಸಿನಿಮಾ ನೋಡಿರಲಿಲ್ಲ. ನೋಡುವಂತೆಯೇ ಇರಲಿಲ್ಲ. ಕತ್ತಲಾದೊಡನೆ ಮೊದಲ ಆಟ ಶುರು. ಆಗಲೇ ಕೊನೆಯ ಬಸ್ಸುಗಳು ಬಂದು ಹಜಾರ ತುಂಬುವುದು. ಎರಡನೆಯ ಆಟದ ಹೊತ್ತಿಗೆ ಮುಸುರೆ ಪಾತ್ರೆ. ಜಗತ್ತಿನ ಸಿನಿಮಾಗಳೆಲ್ಲ ಸೇರಿ ನಮ್ಮ ಊಟದ ಹೊತ್ತನ್ನು ನೋಡಿಕೊಂಡೇ ಶುರುವಾಗುತ್ತಿದ್ದವೇನೋ. ಅವಳಿಗೆ ಸಿಗುತ್ತಿದ್ದದ್ದು ಹಾಡಿನ ಪುಸ್ತಕ. ಟೆಂಟಿನ ಮ್ಯಾನೇಜರು ಪ್ರತಿ ಹೊಸ ಚಿತ್ರಕ್ಕೂ ಒಂದೊಂದನ್ನು ನಮ್ಮ ಕಿಟಕಿಯಲ್ಲಿಟ್ಟು ಹೋಗುತ್ತಿದ್ದರು. ತೆಳು ಬಣ್ಣದ ಕಾಗದ, ಮೇಲೆ ನಾಯಕಿಯ ಮುಖ, ಒಳಗೆ ಹಾಡುಗಳು, ಮೊದಲ ಪುಟದಲ್ಲಿ ಕಥಾಸಾರ. ಈ ಕಥಾಸಾರ ಬರೆಯುವವರು ಮಹಾ ಕಟುಕರು. ನಾಯಕಿಯನ್ನು ಬಾವಿಕಟ್ಟೆಯ ಮೇಲೋ ನ್ಯಾಯಾಲಯದ ಕಟಕಟೆಯಲ್ಲೋ ನಿಲ್ಲಿಸಿ, ಉಳಿದ ಕಥೆಯನ್ನು ಬೆಳ್ಳಿತೆರೆಯ ಮೇಲೆ ನೋಡಿ ಆನಂದಿಸಿ ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು.

ಹಾಗೆ ನಿಂತವರನ್ನೆಲ್ಲ ಇಳಿಸಿಕೊಳ್ಳುವ ಕೆಲಸ ಮಧ್ಯಾಹ್ನ ಎರಡೂವರೆಯಿಂದ ನಾಲ್ಕರವರೆಗೆ ನಮ್ಮ ಹಿಂದಿನ ಜಗಲಿಯಲ್ಲಿ ನಡೆಯುತ್ತಿತ್ತು. ಬೇಸಗೆಯಲ್ಲಿ ಬಾಳೆ ಎಲೆಯೆಲ್ಲ ಮದುವೆ ಮನೆಗಳ ಪಾಲು. ನಮಗೆ ಬಯಲುಸೀಮೆಯ ಕಡೆಯಿಂದ ಬಸ್ಸಿನ ತಲೆಯ ಮೇಲೆ ಮುತ್ತುಗದ ಎಲೆಯ ಕಟ್ಟುಗಳು ಬರುತ್ತಿದ್ದವು. ಅವನ್ನು ಒಂದಕ್ಕೊಂದು ಜೋಡಿಸಿ, ಸಣ್ಣ ಕಡ್ಡಿ ಚುಚ್ಚಿ, ಉಣ್ಣುವ ಅಗಲಕ್ಕೆ ದುಂಡಗೆ ಹಚ್ಚಬೇಕು. ದಿನಕ್ಕೆ ನೂರಾರು ಎಲೆ. ಅಮ್ಮನೊಬ್ಬಳಿಂದ ಆಗುವ ಕೆಲಸವಲ್ಲ. ಓಣಿಯ ಹೆಂಗಸರು ಬಂದು ಕೂತು ಹಚ್ಚಿಕೊಡುತ್ತಿದ್ದರು, ಅಮ್ಮ ಅವರಿಗೆ ಸಿನಿಮಾ ಹೇಳುತ್ತಿದ್ದಳು. ವರ್ಷಕ್ಕೊಮ್ಮೆ ದೇವರ ಸಿನಿಮಾ ಬಂದಾಗ ಆ ಹೆಂಗಸರನ್ನು ಮುಂದೊಬ್ಬ ಹಿಂದೊಬ್ಬ ಗಂಡಸು ಕಾವಲಿದ್ದು ಟೆಂಟಿಗೆ ಹೊಡೆದುಕೊಂಡು ಹೋಗುತ್ತಿದ್ದರು. ಸಾಮಾಜಿಕ ಚಿತ್ರ ನಿಷಿದ್ಧ. ದೇವತೆಗಳ ಸಂಸಾರ ನೋಡಿದರೆ ಪುಣ್ಯ, ಮನುಷ್ಯರದ್ದು ನೋಡಿದರೆ ಅಡುಗೆ ಕೆಡುತ್ತದೆ ಎಂದು ನಮ್ಮ ಓಣಿಯ ಸಿದ್ಧಾಂತ. ಟೆಂಟಿನವರು ಇವರ ಮನೆಯಲ್ಲೇ ಉಣ್ಣುವವರಾದ್ದರಿಂದ ಗೌರಮ್ಮನಿಗೆ, ಎಂದರೆ ನಮ್ಮಮ್ಮನಿಗೆ, ಹೇಗೋ ಬಿಟ್ಟಿ ಪಾಸು ಸಿಗುತ್ತದೆ, ಇವಳು ಹೇಗೋ ನೋಡಿ ಬರುತ್ತಾಳೆ ಎಂದು ಅವರೆಲ್ಲ ನಂಬಿದ್ದರು. ಅಮ್ಮ ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ನನಗೆ ಆ ಪ್ರಶ್ನೆಯೇ ಬಂದಿರಲಿಲ್ಲ. ಅಮ್ಮನಿಗೆ ಎಲ್ಲ ಗೊತ್ತಿರುತ್ತದೆ, ಅಷ್ಟೆ.

ಅವಳು ಹೇಳುತ್ತಿದ್ದ ಕ್ರಮವನ್ನು ನಾನು ಈಗ ಬಿಡಿಸಿ ನೋಡಬಲ್ಲೆ. ಒಂದು ಎಲೆ ಶುರುವಾಗುವಾಗ ಒಂದು ದೃಶ್ಯ ಶುರು. ಎಲೆಗೆ ಎಲೆ ಸೇರುತ್ತ ಹೋದಂತೆ ಮಾತು ಒಳಗೊಳಗೆ ಹೋಗುತ್ತಿತ್ತು. ಕೊನೆಯ ಕಡ್ಡಿ ಚುಚ್ಚುವಾಗ ಒಂದು ಮಾತು ಹೇಳಿ ನಿಲ್ಲಿಸಿ, ಎಲೆಯನ್ನು ರಾಶಿಯ ಮೇಲೆ ಹಾಕುತ್ತಿದ್ದಳು. ಅಲ್ಲಿಗೆ ಆ ದೃಶ್ಯ ಕಟ್. ಹೆಂಗಸರು ತಡೆಯಲಾರದೆ ಮುಂದಿನ ಎಲೆಗೆ ಕೈ ಹಾಕುತ್ತಿದ್ದರು. ಅವಳು ಎಂದೂ 'ನಾಯಕಿಗೆ ದುಃಖವಾಯಿತು' ಎನ್ನಲಿಲ್ಲ. 'ಅವಳು ಹಾಲು ಉಕ್ಕಿದ್ದನ್ನ ನೋಡ್ತಾ ನಿಂತ್ಕೊಂಡ್ಲು, ಇಳಿಸ್ಲಿಲ್ಲ' ಎನ್ನುತ್ತಿದ್ದಳು. ದರ್ಜಿಯವರ ಮನೆಯ ಪದ್ದಮ್ಮನಂಥ ಗಟ್ಟಿ ಹೆಂಗಸು ಕೂಡ ಸೆರಗಿನಿಂದ ಮೂಗು ಒರೆಸಿಕೊಂಡು, 'ಹೊಗೆ ಮಾರಾಯ್ತಿ' ಎನ್ನುತ್ತಿದ್ದಳು. ಒಲೆ ಆ ಹೊತ್ತಿಗೆ ಆರಿ ಒಂದು ಗಂಟೆಯಾಗಿರುತ್ತಿತ್ತು.

ಆ ಗುಂಪಿನಲ್ಲಿ ಎದುರು ಮನೆಯ ಸೀತಕ್ಕನೂ ಇದ್ದರು. ಗಂಡ ಮರದ ಡಿಪೋದಲ್ಲಿ ಲೆಕ್ಕ ಬರೆಯುವ ರೈಟರು. ಒಬ್ಬಳೇ ಮಗಳು ನಾಗವೇಣಿ. ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಅವಳನ್ನು ಹೊಸನಗರದ ಕಡೆ ಮದುವೆ ಮಾಡಿಕೊಟ್ಟಿದ್ದರು. ನನಗೆ ಒಂಬತ್ತು ವರ್ಷವಾಗಿದ್ದಾಗ ಒಂದು ದಿನ ಅವಳು ಟ್ರಂಕು ಹಿಡಿದು ಮಧ್ಯಾಹ್ನದ ಬಸ್ಸಿಗೆ ಬಂದಿಳಿದಳು. ಸೀತಕ್ಕ ಕಾಫಿ ಕೊಟ್ಟು, ತಲೆ ಬಾಚಿ, ಹೂ ಮುಡಿಸಿ, ಹೊಂದಿಕೊಂಡು ಹೋಗಬೇಕು ಮಗಾ ಎಂದು ಹೇಳಿ ಅದೇ ಬಸ್ಸು ವಾಪಸು ಹೊರಡುವಾಗ ಹತ್ತಿಸಿ ಕಳಿಸಿದರು. ಓಣಿಯೆಲ್ಲ ನೋಡಿತು. ಡ್ರೈವರು ನಮ್ಮಲ್ಲಿ ಊಟ ಮುಗಿಸುವವರೆಗೆ ಅವಳು ಬಸ್ಸಿನ ಕಿಟಕಿಯಲ್ಲಿ ಕೂತೇ ಇದ್ದಳು. ಅಮ್ಮ ಒಮ್ಮೆ ಬಾಗಿಲಿಗೆ ಬಂದು ನೋಡಿ ಒಳಗೆ ಹೋದಳು; ಒಲೆಯ ಮೇಲೆ ಅನ್ನವಿತ್ತು. ನಾಗವೇಣಿ ಗಂಡನ ಮನೆ ಸೇರಲಿಲ್ಲ. ಮೂರು ದಿನದ ಮೇಲೆ ಅಲ್ಲಿಯ ಹೊಳೆಯಲ್ಲಿ ಸಿಕ್ಕಳು. ಅದಾಗಿ ಒಂದು ತಿಂಗಳಿಗೆ ಸೀತಕ್ಕ ಮತ್ತೆ ಎಲೆ ಹಚ್ಚಲು ಬಂದು ಕೂತರು. ಅವರು ಹಚ್ಚಿದ ಎಲೆಯಲ್ಲಿ ಸಾರು ಸೋರುತ್ತಿರಲಿಲ್ಲ.

ನನ್ನ ಹತ್ತನೆಯ ವಯಸ್ಸಿನ ಬೇಸಗೆಯಲ್ಲಿ ಬಂದ ಒಂದು ಚಿತ್ರದಲ್ಲಿ ಸೊಸೆಯೊಬ್ಬಳನ್ನು ಅತ್ತೆ ಮನೆಯಿಂದ ಹೊರಗೆ ಹಾಕುತ್ತಾಳೆ. ಸೊಸೆ ನಡೆದು ನಡೆದು ಹೊಳೆದಂಡೆಗೆ ಬಂದು ನಿಲ್ಲುತ್ತಾಳೆ. ಹಾಡಿನ ಪುಸ್ತಕದ ಕಥಾಸಾರ ಅಲ್ಲಿಗೆ ಮುಗಿದಿತ್ತು. ಹೊಳೆ ಎಂಬ ಮಾತು ಬಂದೊಡನೆ ಜಗಲಿಯಲ್ಲಿ ಕಡ್ಡಿ ಚುಚ್ಚುವ ಸದ್ದು ನಿಂತುಹೋಯಿತು. ಪದ್ದಮ್ಮ ಅಮ್ಮನಿಗೆ ಕಣ್ಸನ್ನೆ ಮಾಡಿದಳು, ಬೇರೆ ಮಾತೆತ್ತು ಎಂದು. ಅಮ್ಮ ಎತ್ತಲಿಲ್ಲ. ಕೈಯಲ್ಲಿದ್ದ ಎಲೆಯನ್ನು ತಿರುಗಿಸುತ್ತ ಹೇಳಿದಳು:

"ಅವ್ಳು ಒಂದು ಕಾಲು ನೀರಿಗಿಟ್ಲು. ಅಷ್ಟೊತ್ತಿಗೆ ಆ ಕಡೆಯಿಂದ ಒಬ್ಬ ದೋಣಿಯವ್ನು ಕೂಗ್ದ, 'ಯಾರಮ್ಮಾ ಅದು, ಇದು ಕೊನೇ ದೋಣಿ, ಬರೋದಾದ್ರೆ ಬೇಗ ಬಾ, ನಂಗೂ ಮನೆಗೆ ಹೋಗ್ಬೇಕು' ಅಂತ. ಅವ್ನಿಗೆ ಎಂತದೂ ಗೊತ್ತಿಲ್ಲ ಪಾಪ, ಅವ್ನ ಅವಸರ ಅವ್ನಿಗೆ. ಇವ್ಳು ಸುಮ್ನೆ ಹೋಗಿ ದೋಣಿ ಹತ್ತಿದ್ಲು. ದಾಟಿ ನಡ್ಕೊಂಡು ತೌರುಮನೆಗೆ ಬಂದ್ಲು. ಬಾಗ್ಲು ಬಡೀಲಿಲ್ಲ. ನಿಂತಿದ್ಲು. ಒಳಗಿಂದ ಅವಳಮ್ಮ, ಹಾಲು ಹಾಕೋವ್ನು ಬಂದ ಅಂದ್ಕೊಂಡು, ಪಾತ್ರೆ ಹಿಡ್ಕೊಂಡು ಬಾಗ್ಲು ತೆಗ್ದ್ಲು."

ಇಷ್ಟು ಹೇಳಿ ಅಮ್ಮ ಎಲೆಯನ್ನು ರಾಶಿಯ ಮೇಲೆ ಹಾಕಿದಳು. ಯಾರೂ ಮುಂದೇನೆಂದು ಕೇಳಲಿಲ್ಲ. ಸೀತಕ್ಕ ಮಾತ್ರ, "ಪಾತ್ರೆ ಕೆಳಗೆ ಬಿತ್ತಾ?" ಎಂದು ಕೇಳಿದರು. "ಇಲ್ಲ ಸೀತಕ್ಕ, ಗಟ್ಟಿಯಾಗಿ ಹಿಡ್ಕೊಂಡಿದ್ರು" ಎಂದಳು ಅಮ್ಮ. ಮರುದಿನ ಸೀತಕ್ಕ ಎಲ್ಲರಿಗಿಂತ ಮೊದಲು ಬಂದರು. ಎರಡು ಎಲೆ ಹಚ್ಚಿದ ಮೇಲೆ, ಬೇರೆ ಯಾರಿಗೋ ಹೇಳುವವರ ಹಾಗೆ, "ಆ ಬಾಗ್ಲು ತೆಗ್ದಿದ್ದು ಒಂದು ಹೇಳೇ ಗೌರಿ" ಎಂದರು. ಅಮ್ಮ ಹೇಳಿದಳು. ಅದರ ಮರುದಿನವೂ ಹೇಳಿದಳು. ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಬೆಳೆಯುತ್ತಿತ್ತು. ಬಾಗಿಲಿಗೆ ಅಗುಳಿ ಬಂತು, ಅಗುಳಿ ಬಿಗಿಯಾಗಿತ್ತು, ಆ ಅಮ್ಮ ಭುಜ ಕೊಟ್ಟು ತಳ್ಳಿದಳು. ನಾಲ್ಕನೆಯ ದಿನ ಸೀತಕ್ಕ, ಮಗಳು ಹೋದಂದಿನಿಂದ ಮೊದಲ ಸಲ, ತಲೆ ಬಾಚಿಕೊಂಡು ಬಂದದ್ದನ್ನು ನೋಡಿ ಪದ್ದಮ್ಮ ಅಮ್ಮನ ಕೈ ಹಿಸುಕಿದಳು.

ಆ ವಾರವೇ ಅಪ್ಪಯ್ಯ ಯಾರದೋ ಮದುವೆಗೆಂದು ಸಾಗರಕ್ಕೆ ಹೋದರು. ಅವರಿಲ್ಲದ ಮನೆಯಲ್ಲಿ ಉಸಿರಾಡಲು ಜಾಗ ಜಾಸ್ತಿ. ಸಂಜೆ ಅಂತೋಣಿ ಜಗಲಿಯಲ್ಲಿ ಕಾಫಿ ಕುಡಿಯುತ್ತ, "ಇವನನ್ನು ಒಂದು ಆಟಕ್ಕೆ ಕರ್ಕೊಂಡು ಹೋಗ್ಲಾ ಅಮ್ಮ? ಮಷಿನ್ ಹತ್ರ ಕೂರಿಸ್ತೇನೆ" ಎಂದ. ಅಮ್ಮ ತಕ್ಷಣ ಬೇಡವೆಂದಳು. ನಾನು ಅಳುವ ತಯಾರಿ ನಡೆಸಿದೆ. ಆ ಕಲೆಯಲ್ಲಿ ನನಗೆ ಆಗಲೇ ಕೊಂಚ ಹೆಸರಿತ್ತು. ಅವಳು ನನ್ನನ್ನು ಉಗ್ರಾಣಕ್ಕೆ ಕರೆದು, ಅಂಗಿಯ ಗುಂಡಿ ಹಾಕುತ್ತ ಹೇಳಿದಳು:

"ಹೋಗ್ಬಾ. ಆದ್ರೆ ಒಂದು ಮಾತು. ಅಲ್ಲಿ ಎಂತ ನೋಡಿದ್ಯೋ ಅದನ್ನ ಬಂದು ಮೊದ್ಲು ನಂಗೆ ಹೇಳ್ಬೇಕು. ಬೇರೆ ಯಾರಿಗೂ ಅಲ್ಲ. ಕೇಳಿಸ್ತಾ?"

ಕೇಳಿಸಿತು. ಕಿವಿಗೆ ಎಷ್ಟು ಕೇಳಿಸಬೇಕೋ ಅಷ್ಟು.

ತಾವು ನೋಡಿದ ಮೊದಲ ಸಿನಿಮಾದ ಬಗ್ಗೆ ಬರೆಯುವಾಗ ಬೆಳಕಿನ ಕಂಬ, ಅದರಲ್ಲಿ ಕುಣಿಯುವ ಧೂಳು ಎಂದೆಲ್ಲ ಬರೆಯುವುದು ನಮ್ಮ ವೃತ್ತಿಯವರ ವಾಡಿಕೆ. ನನಗೆ ನೆನಪಿರುವುದು ಮಷಿನ್ ಗೂಡಿನೊಳಗಿನ ಸೆಕೆ, ಅಂತೋಣಿಯ ಬೆವರಿನ ಬೆನ್ನು, ಮರಳಿನ ಮೇಲೆ ಕೂತವರ ಸಾವಿರ ಕೆಮ್ಮು. ಉಳಿದಂತೆ ನಾನು ಚಿತ್ರವನ್ನು ನೋಡುತ್ತಿರಲಿಲ್ಲ, ಪರೀಕ್ಷಿಸುತ್ತಿದ್ದೆ. ಕಥೆ ನನಗೆ ಬಾಯಿಪಾಠವಾಗಿತ್ತು. ಅತ್ತೆ ಬಂದಳು, ಸರಿ. ಸೊಸೆಯನ್ನು ಹೊರಗೆ ಹಾಕಿದಳು, ಸರಿ. ಹೊಳೆ ಬಂತು. ಅವಳು ಬಂಡೆಯ ಮೇಲೆ ನಿಂತಳು. ಪಿಟೀಲು ಶುರುವಾಯಿತು. ನಾನು ಮುಂದಕ್ಕೆ ಬಾಗಿ ಪರದೆಯ ಎಡಗಡೆಯ ಅಂಚನ್ನೇ ನೋಡುತ್ತಿದ್ದೆ, ಅಮ್ಮ ಹೇಳುವಾಗ ಕೈ ಮಾಡುತ್ತಿದ್ದದ್ದು ಎಡಗಡೆಗೆ, ದೋಣಿ ಅಲ್ಲಿಂದಲೇ ಬರಬೇಕು. ಬರಲಿಲ್ಲ. ಅವಳು ಹಾರಿದಳು. ನೀರು ತೋರಿಸಿದರು. ಮುಡಿದಿದ್ದ ಹೂವೊಂದು ತೇಲಿತು. ಗಂಡ ಓಡಿ ಬಂದು ಹಣೆ ಚಚ್ಚಿಕೊಂಡ. 'ಶುಭಂ' ಎಂದು ಬಂತು. ಜನ ಎದ್ದು ಹೊರಟರು. ನಾನು ಕೂತೇ ಇದ್ದೆ. ಬಿಳಿ ಪರದೆ ಖಾಲಿಯಾದ ಮೇಲೂ, ಎಲ್ಲೋ ತಡವಾಗಿದೆ, ಈಗ ಬಂದಾನು ಎಂದು ದೋಣಿಯವನಿಗೆ ಕಾಯುತ್ತಿದ್ದೆ. ಅಂತೋಣಿ ಹೆಗಲು ಮುಟ್ಟಿ ಎಬ್ಬಿಸಿದ.

ಮನೆಗೆ ಬರುವಾಗ ಹಜಾರದಲ್ಲಿ ಕೊನೆಯ ಪಂಕ್ತಿ ನಡೆಯುತ್ತಿತ್ತು. ಅಮ್ಮ ಅನ್ನದ ಪಾತ್ರೆ ಹಿಡಿದು ದೂರದಿಂದಲೇ ಏನು ಎಂಬಂತೆ ಹುಬ್ಬೇರಿಸಿದಳು. ನಾನು ಮುಖ ತಿರುಗಿಸಿಕೊಂಡು ಹೋಗಿ ಮಲಗಿಬಿಟ್ಟೆ. ನನಗೆ ಮೋಸವಾಗಿತ್ತು. ಯಾರು ಮಾಡಿದರು ಎಂಬುದು ಮಾತ್ರ ಸ್ಪಷ್ಟವಿರಲಿಲ್ಲ. ಬೆಳಿಗ್ಗೆ ಶಾಲೆಯಲ್ಲಿ ಕೂತು ಯೋಚಿಸಿ ಅಪರಾಧಿಯನ್ನು ಗೊತ್ತುಮಾಡಿಕೊಂಡೆ.

ಬೇಸಗೆಯಲ್ಲಿ ನಮಗೆ ಅರ್ಧ ದಿನದ ಶಾಲೆ. ಮಧ್ಯಾಹ್ನ ಜಗಲಿಗೆ ಬಂದಾಗ ಸೀತಕ್ಕ ಆಗಲೇ ಹೇಳೆಂದು ಕೇಳಿ ಆಗಿತ್ತು, ಅಮ್ಮ ಹೇಳುತ್ತಿದ್ದಳು. ದೋಣಿಯವನು ಕೂಗಿದ್ದ. ನಾನು ಕಂಬಕ್ಕೆ ಒರಗಿ ನಿಂತು, ಕೋರ್ಟಿನಲ್ಲಿ ಸಾಕ್ಷಿ ಹೇಳುವವನ ಗತ್ತಿನಲ್ಲಿ ಹೇಳಿದೆ:

"ಸುಳ್ಳು. ದೋಣಿಯವ್ನು ಬರೋದೇ ಇಲ್ಲ, ನಾನು ನಿನ್ನೆ ನೋಡ್ದೆ. ಅವ್ಳು ಹೊಳೆಗೆ ಹಾರಿ ಸತ್ತು ಹೋಗ್ತಾಳೆ, ಹೂವು ಮಾತ್ರ ತೇಲುತ್ತೆ."

ಮೂರು ವಾಕ್ಯ. ಆಮೇಲೆ ನಾನು ಬರೆದ ಯಾವ ಸಂಭಾಷಣೆಗೂ ಅಷ್ಟು ಪರಿಣಾಮ ಬರಲಿಲ್ಲ. ಪದ್ದಮ್ಮ ಮೊದಲು ನಕ್ಕಳು. "ಅಯ್ಯ, ಹಾಗಾದ್ರೆ ಗೌರಮ್ಮ ನೋಡಿದ್ದು ಯಾವ ಟೆಂಟಲ್ಲೇ?" ಎಂದಳು. ಇನ್ನೊಬ್ಬಳು, "ಅವ್ಳು ಒಲೆ ಒಳಗೆ ನೋಡ್ತಾಳೆ ಬಿಡು, ಅಲ್ಲಿ ಟಿಕೇಟಿಲ್ಲ" ಎಂದಳು. ನಗು ಅರ್ಧಕ್ಕೆ ಬಂದಾಗ ಎಲ್ಲರಿಗೂ ಒಟ್ಟಿಗೆ ನೆನಪಾಯಿತು. ಯಾರೂ ಸೀತಕ್ಕನ ಕಡೆ ನೋಡಲಿಲ್ಲ. ಸೀತಕ್ಕ ಕೈಯಲ್ಲಿದ್ದ ಎಲೆಯನ್ನು ಬಿಡಲಿಲ್ಲ. ಉಳಿದಿದ್ದ ಎರಡು ಕಡ್ಡಿಗಳನ್ನು ನಿಧಾನವಾಗಿ ಚುಚ್ಚಿ, ಅಂಚು ಸವರಿ, ರಾಶಿಯ ಮೇಲೆ ಸರಿಯಾಗಿ ಕೂರಿಸಿದರು. ಎದ್ದು ಸೆರಗು ಕೊಡವಿಕೊಂಡರು.

"ಎಮ್ಮೆ ಕರೆಯೋ ಹೊತ್ತಾಯ್ತು, ಬತ್ತೀನಿ" ಎಂದರು.

ಸೀತಕ್ಕನ ಮನೆಯಲ್ಲಿ ಎಮ್ಮೆಯಿರಲಿಲ್ಲ.

ಅಮ್ಮ ನನಗೆ ಹೊಡೆಯಲಿಲ್ಲ. ಹೊಡೆದಿದ್ದರೆ ಲೆಕ್ಕ ಮುಗಿಯುತ್ತಿತ್ತು. ಎಲ್ಲರೂ ಹೋದ ಮೇಲೆ ಎಲೆಗಳನ್ನು ಕಟ್ಟುತ್ತ, ತಲೆಯೆತ್ತದೆ, "ನಂಗೆ ಮೊದ್ಲು ಹೇಳು ಅಂದಿದ್ದೆ" ಎಂದಳು. ಅಷ್ಟೆ. ಮರುದಿನ ಹೆಂಗಸರು ಬಂದರು, ಸೀತಕ್ಕ ಬರಲಿಲ್ಲ. ಎಲೆ ಹಚ್ಚಿದರು, ಮಾತಿಲ್ಲ. ಟೆಂಟಿಗೆ ಹೊಸ ಚಿತ್ರ ಬಂತು, ಕಿಟಕಿಗೆ ಹೊಸ ಪುಸ್ತಕ ಬಂತು. ಪದ್ದಮ್ಮ ಎರಡು ಸಲ ಗಂಟಲು ಸರಿ ಮಾಡಿಕೊಂಡು, "ಇದ್ರಲ್ಲಿ ಎಂತದಂತೆ ಗೌರಮ್ಮ?" ಎಂದಳು. ಅಮ್ಮ ನಗುತ್ತಲೇ ಹೇಳಿದಳು:

"ಟೆಂಟಿಗೆ ಹೋಗಿ ನೋಡ್ಕೊಂಡ್ ಬನ್ನಿ ಮಾರಾಯ್ತಿ. ಅಲ್ಲಿ ಸರಿಯಾದ್ದು ತೋರಿಸ್ತಾರಂತೆ."

ಆ ನಗು ನನಗೆ ಇಂದಿಗೂ ಬೇಡ. ಒಬ್ಬೊಬ್ಬರಾಗಿ ಹೆಂಗಸರು ಬರುವುದು ನಿಂತಿತು. ಅವರಲ್ಲಿ ಸಿಟ್ಟೇನೂ ಇರಲಿಲ್ಲ; ಕೆಲಸವಿಲ್ಲದ ಮನೆ ಯಾವುದೂ ಇರಲಿಲ್ಲ, ಅಷ್ಟೆ. ಅಮ್ಮ ಒಬ್ಬಳೇ ಕೂತು ಹಚ್ಚತೊಡಗಿದಳು. ಸಂಜೆಯ ಪಂಕ್ತಿಗೆ ಎಲೆ ಸಾಲದೆ ಅಪ್ಪಯ್ಯ ಕೂಗಾಡಿದರು. ಯಾಕೆ ಸಾಲದು ಎಂದು ಅವರಿಗೆ ಅಮ್ಮನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ನಾನು ಶಾಲೆಯಿಂದ ಬಂದು ಅವಳ ಎದುರು ಕೂತು ಕಡ್ಡಿ ಚುಚ್ಚಲು ಕಲಿತೆ. ಒಂದು ಎಲೆ ಮುಗಿಯುವಷ್ಟು ಹೊತ್ತು, ಇನ್ನೊಂದು ಎಲೆ ಮುಗಿಯುವಷ್ಟು ಹೊತ್ತು, ಅವಳು ಏನಾದರೂ ಹೇಳಲಿ ಎಂದು ಕಾಯುತ್ತಿದ್ದೆ. ಅವಳು ಆಮೇಲೆ ಮೂವತ್ತು ವರ್ಷ ಬದುಕಿದಳು. ಬೆಲೆ, ಬಸ್ಸು, ಸೊಂಟನೋವು, ಎಲ್ಲದರ ಬಗ್ಗೆ ಮಾತಾಡಿದಳು. ಕಥೆ ಹೇಳಲಿಲ್ಲ. ನನ್ನ ಮೊದಲ ಚಿತ್ರವನ್ನು ಕರೆದುಕೊಂಡು ಹೋಗಿ ತೋರಿಸಿದೆ. ಹೇಗಿದೆ ಎಂದಾಗ, "ನಿಂಗೆ ಗೊತ್ತಿರತ್ತೆ ಕಣೋ, ನಂಗೆ ಅದೆಲ್ಲ ಎಲ್ಲಿ ಗೊತ್ತಾಗತ್ತೆ" ಎಂದಳು. ಇದು ಅವಳ ವಿನಯವೋ ತೀರ್ಪೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಅಮ್ಮ ಹಿಂಬಾಗಿಲಿಗೆ ಬರುವುದನ್ನೂ ಬಿಟ್ಟಿದ್ದರಿಂದ ಅಂತೋಣಿಗೆ ಬಡಿಸುವ ಕೆಲಸ ನನ್ನ ಪಾಲಿಗೆ ಬಂತು. ಒಂದು ದಿನ ಅವನು ಸಾರನ್ನ ಕಲೆಸುತ್ತ ಕೇಳಿದ:

"ಎಂತ, ಅಮ್ಮ ಈಗ ಕಥೆ ಕೇಳುದಿಲ್ವಾ?"

"ಯಾವ ಕಥೆ?"

"ಸಿನಿಮಾದ್ದು ಮಾರಾಯ. ಪ್ರತಿ ಪಿಚ್ಚರಿಂದೂ ಕೇಳ್ತಿದ್ರಲ್ಲ. ಮೊದಲ ದಿನ ಓಡಿಸಿ ಬಂದು ಪೂರಾ ಹೇಳ್ಬೇಕಿತ್ತು ನಾನು. ಅನ್ನ ತಣಿದು ಹೋಗ್ತಿತ್ತು, ಬಿಡ್ತಿರ್ಲಿಲ್ಲ."

ನನ್ನ ಕೈಯಲ್ಲಿ ಸೌಟು ಹಾಗೇ ನಿಂತಿತು. "ಆ ಹೊಳೇದು?" ಎಂದೆ.

"ಅದೂ ಹೇಳಿದ್ದೆ. ಹಾರುದು, ಹೂವು ತೇಲುದು, ಎಲ್ಲ. ಅಮ್ಮ ಒಂದೇ ಮಾತು ಕೇಳಿದ್ರು. 'ಅಲ್ಲಿ ಹತ್ರ ದೋಣಿ ಎಂತದೂ ಇರ್ಲಿಲ್ವಾ ಅಂತೋಣಿ' ಅಂತ. ಇಲ್ಲ ಅಮ್ಮ ಅಂದೆ. ಎಲೆಗೆ ಇನ್ನೊಂದು ಸೌಟು ಸಾರು ಹಾಕಿದ್ರು. ಆಮೇಲೆ, 'ಇರ್ಬೇಕಿತ್ತು' ಅಂದ್ರು."

ಅವನು ಎಲೆ ತೆಗೆದು, ಜಾಗಕ್ಕೆ ನೀರು ಹಾಕಿ ಹೋದ. ಅಪ್ಪಯ್ಯ ಅವನನ್ನು ಮನೆಯ ಹಿಂದೆ ಕೂರಿಸದೇ ಇದ್ದಿದ್ದರೆ ಅಮ್ಮನಿಗೆ ಸಿನಿಮಾವೇ ಸಿಗುತ್ತಿರಲಿಲ್ಲ ಎಂಬುದು ಬಹಳ ವರ್ಷಗಳ ಮೇಲೆ ಹೊಳೆದು, ಅಪ್ಪಯ್ಯನ ಮಡಿಗೆ ಕೃತಜ್ಞನಾಗಿರಬೇಕಾಗಿ ಬಂದ ಅವಮಾನ ಬೇರೆ. ಆ ದಿನ ನನಗೆ ತಿಳಿದದ್ದು ಇಷ್ಟೇ. ಅಮ್ಮ ಗೊತ್ತಿಲ್ಲದೆ ತಪ್ಪು ಹೇಳಿರಲಿಲ್ಲ. ಅವಳಿಗೆ ಸರಿಯಾದದ್ದು ಮೊದಲೇ ಗೊತ್ತಿತ್ತು. ಎದುರಿಗೆ ಯಾರು ಕೂತಿದ್ದಾರೆಂದು ನೋಡಿ, ಅವರಿಗಾಗಿ ಒಂದು ದೋಣಿ ತಂದು ನಿಲ್ಲಿಸಿದ್ದಳು. ಮಗಳನ್ನು ವಾಪಸು ಕಳಿಸಿದ ತಾಯಿಗೆ ಬಾಗಿಲು ತೆಗೆಯಲು ಇನ್ನೊಂದು ಅವಕಾಶ ಕೊಟ್ಟಿದ್ದಳು. ಸಿನಿಮಾ ಎಂದರೆ ಮಷಿನ್ ಅಲ್ಲ, ಅದನ್ನು ಯಾರೋ ಕೂತು ಹೀಗಾಗಲಿ ಎಂದು ನಿರ್ಧರಿಸುತ್ತಾರೆ, ಬೇರೆಯವರು ನಿರ್ಧರಿಸಿದ್ದನ್ನು ಬದಲಿಸಲೂ ಬಹುದು ಎಂದು ನನ್ನ ಮಂದ ತಲೆಗೆ ಹೋದದ್ದು ಸೌಟು ಹಿಡಿದು ನಿಂತಿದ್ದ ಆ ಕ್ಷಣದಲ್ಲಿ. ನಾನೂ ಅದನ್ನೇ ಮಾಡಬೇಕು ಎಂದೂ ಆಗಲೇ ಅನ್ನಿಸಿತು. ದೊಡ್ಡವನಾಗಿ ಅಲ್ಲ, ಈಗಲೇ.

ಸೀತಕ್ಕನ ಮನೆಯಲ್ಲಿ, ಅವರು ನಮ್ಮ ಜಗಲಿಯಿಂದ ಎದ್ದು ಹೋದ ದಿನದಿಂದ, ಒಲೆ ಹಚ್ಚಿರಲಿಲ್ಲ. ರೈಟರು ನಮ್ಮ ಹಜಾರದಲ್ಲೇ ಉಂಡು, ಯಾರ ಮುಖವನ್ನೂ ನೋಡದೆ ಡಿಪೋಕ್ಕೆ ಹೋಗುತ್ತಿದ್ದರು. ಮಧ್ಯಾಹ್ನ ಅಮ್ಮ ಡಬ್ಬಿಯಲ್ಲಿ ಅನ್ನ ಸಾರು ಹಾಕಿ ನನ್ನ ಕೈಲಿ ಕಳಿಸುತ್ತಿದ್ದಳು. ನಾನು ಅದನ್ನು ಹೊಸ್ತಿಲಲ್ಲಿಟ್ಟು ಓಡಿ ಬರುತ್ತಿದ್ದೆ. ಮರುದಿನ ಹಿಂದಿನ ದಿನದ ಡಬ್ಬಿ ಬಹುಪಾಲು ತುಂಬಿಯೇ ಇರುತ್ತಿತ್ತು. ಅಂತೋಣಿ ಹೇಳಿದ ಮರುದಿನ ನಾನು ಓಡಲಿಲ್ಲ, ಒಳಗೆ ಹೋದೆ. ನಡುಮನೆಯಲ್ಲಿ ಸೀತಕ್ಕ ಗೋಡೆಗೆ ಒರಗಿ ಕೂತಿದ್ದರು. ಮೂಲೆಯಲ್ಲಿ, ಅವಳಿಲ್ಲದೆ ವಾಪಸು ಬಂದಿದ್ದ ನಾಗವೇಣಿಯ ಟ್ರಂಕು, ಅದರ ಮೇಲೆ ಮಡಿಚಿಟ್ಟ ಕಂಬಳಿ. ನಾನು ಡಬ್ಬಿ ಇಟ್ಟು ನಿಂತೆ. ತಪ್ಪಾಯಿತು ಎನ್ನಬೇಕೆಂದು ಬಂದಿದ್ದೆ. ಅಷ್ಟರಲ್ಲಿ ಅವರೇ ಮಾತಾಡಿದರು.

"ನೀನು ಕಣ್ಣಾರೆ ನೋಡಿದ್ಯಲ್ಲ ಮಾಣಿ."

"ಹೂಂ."

"ಹಾರೋಕಿಂತ ಮೊದ್ಲು ಅವ್ಳು ಎಂತಾದ್ರೂ ಅಂದ್ಲಾ?"

ಸಿನಿಮಾದಲ್ಲಿ ಅವಳು ಏನೂ ಅನ್ನುವುದಿಲ್ಲ. ಬರೀ ಪಿಟೀಲು.

"ಅಂದ್ಲು" ಎಂದೆ.

ಸೀತಕ್ಕ ಗೋಡೆಯಿಂದ ಮುಂದಕ್ಕೆ ಬಂದರು. "ಎಂತ ಅಂದ್ಲು?"

ಹತ್ತು ವರ್ಷದ ತಲೆಯಲ್ಲಿ ಎಷ್ಟು ಹುಡುಕಿದರೂ ಒಂದು ದೋಣಿ ಸಿಗಲಿಲ್ಲ. ಅದು ಅಮ್ಮನದಾಗಿತ್ತು, ಅದನ್ನು ನಾನೇ ಮುಳುಗಿಸಿದ್ದೆ. ಟ್ರಂಕಿನ ಕಡೆ ನೋಡಿದೆ.

"'ಅಮ್ಮ ವಾಪಸ್ ಕಳ್ಸಿದ್ದಕ್ಕಲ್ಲ' ಅಂದ್ಲು."

ಸಿನಿಮಾದ ಸೊಸೆ ತೌರಿಗೆ ಹೋಗಿಯೇ ಇರಲಿಲ್ಲ. ಇದು ಸೀತಕ್ಕನಿಗೆ ಕಥಾಸಾರ ಕೇಳಿದ ದಿನದಿಂದಲೂ ಗೊತ್ತಿತ್ತು. ಅವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು.

"ನಿಮ್ಮಮ್ಮ ಹೇಳಿ ಕಳ್ಸಿದ್ಲಾ?"

"ಇಲ್ಲ."

"ಅವ್ಳಾಗಿದ್ರೆ ಇನ್ನೂ ಚಂದ ಹೇಳ್ತಿದ್ಲು" ಎಂದರು.

ಮುಂದೆ ನನ್ನ ಚಿತ್ರಗಳ ಬಗ್ಗೆ ಪತ್ರಿಕೆಯವರು ಇದನ್ನೇ ಉದ್ದುದ್ದ ವಾಕ್ಯಗಳಲ್ಲಿ ಬರೆದರು. ಸೀತಕ್ಕ ಡಬ್ಬಿಯನ್ನು ಹತ್ತಿರ ಎಳೆದುಕೊಂಡರು, ಮುಚ್ಚಳ ತೆಗೆದರು, ಅನ್ನವನ್ನು ಕೈಯಿಂದ ಸುಮ್ಮನೆ ಮುಟ್ಟಿದರು. ಉಣ್ಣಲಿಲ್ಲ. ಹಾಗೆ ಮುಟ್ಟುತ್ತಲೇ, ಈಗ ನನ್ನನ್ನು ನೋಡದೆ, ಬಹಳ ಸಣ್ಣ ದನಿಯಲ್ಲಿ ಕೇಳಿದರು:

"ಆವತ್ತು ನೀರು ತಣ್ಣಗಿತ್ತೇನೋ?"

ಪರದೆಯ ಮೇಲಿನ ನೀರಿಗೆ ತಣುಪು ಇರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವರು ಯಾವ ನೀರನ್ನು ಕೇಳುತ್ತಿದ್ದಾರೆಂದೂ ಗೊತ್ತಿತ್ತು.

"ಇಲ್ಲ ಸೀತಕ್ಕ" ಎಂದೆ. "ಬಿಸಿಲು ಬಿದ್ದಿತ್ತು. ಬೆಚ್ಚಗಿತ್ತು."